ಬೀಜದ ಮುಡಿ ಯಾರ ಅಟ್ಟದಲ್ಲಿ?

ನೇಗಿಲು ಮಾಡಿಕೊಟ್ಟ ಬಡಗಿ ಹತ್ತು ವರ್ಷದ ನಂತರ ಬಂದು, 'ಇನ್ನು ಇದರಿಂದ ಉಳಬೇಡಿ, ಹೊಸದನ್ನು ಕೊಳ್ಳಿ' ಎಂದರೆ ಊರೇ ನಕ್ಕೀತು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಅದೇ ಮಾತನ್ನು ವಿದ್ಯಾವಂತರೂ ತಲೆಬಾಗಿ ಒಪ್ಪುತ್ತಿದ್ದಾರೆ.

ಗಣಕವನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತೆಗೆ 30 ಡಾಲರ್ ಬೆಲೆ ಕಟ್ಟಿತು. ಹಣ ಕೊಡಲಾರದವರಿಗೆ ತೋರಿಸಿದ ಮುಖ್ಯ ದಾರಿ, ತನ್ನ ಖಾತೆಯೊಳಗೆ ಸೇರಿಕೊಳ್ಳುವುದು. ವಿಂಡೋಸ್ 10 ಇದ್ದವರು ವಿಂಡೋಸ್ 11ಕ್ಕೆ ಹಣ ತೆರಬೇಕಿಲ್ಲ, ನಿಜ. ಆದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಇತ್ತೀಚಿನ ಪ್ರೊಸೆಸರನ್ನೂ ಬೇಡುತ್ತದೆ. ಅವಿಲ್ಲದ ಯಂತ್ರ ಎಷ್ಟು ಗಟ್ಟಿಯಾಗಿದ್ದರೂ ಅನರ್ಹ. ತಂತ್ರಾಂಶ ಪುಕ್ಕಟೆ, ಯಂತ್ರ ಮಾತ್ರ ಹೊಸದು ಬೇಕು!

ಆದುದರಿಂದ ಆಪರೇಟಿಂಗ್ ಸಿಸ್ಟಮ್‌ನ ಬೆಲೆಯನ್ನು ಅಂಗಡಿಯ ರಸೀದಿಯಲ್ಲಿ ಹುಡುಕುವುದು ವ್ಯರ್ಥ. ಹೊಸ ಗಣಕದ ಬೆಲೆಯಲ್ಲಿ ಅದು ಅಡಗಿರುತ್ತದೆ. ಹಾಗೆ ಬಂದ ಪರವಾನಗಿ ಸಾಮಾನ್ಯವಾಗಿ ಆ ಯಂತ್ರದೊಂದಿಗೇ ಸಾಯುತ್ತದೆ. ಉಳಿದ ಬೆಲೆಯನ್ನು ತೆರುವುದು ಮಣ್ಣು ಮತ್ತು ನೀರು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹೊರಹಾಕಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ತಂದ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಈ ಕಸದಲ್ಲಿ ಸೀಸವಿದೆ, ಪಾದರಸವಿದೆ, ಕ್ಯಾಡ್ಮಿಯಂ ಇದೆ.

ಕದ್ದ ಪ್ರತಿ ಹಾಕಿಸಿಕೊಂಡರೆ ಖರ್ಚಿಲ್ಲವಲ್ಲ ಎಂಬುದು ಕೆಲವರ ಜಾಣತನ. ಕದ್ದ ಪ್ರತಿಯೂ ಅದೇ ದಣಿಯ ಹಂಗಿನದು. ಮೇಲಾಗಿ ಅದರ ಜೊತೆ ಏನೇನು ಒಳನುಸುಳಿದೆಯೋ ಬಲ್ಲವರಾರು?

ಬೀಜದ ಪಾಠ ಮಲೆನಾಡಿಗೆ ಹೊಸದಲ್ಲ. ಅಟ್ಟದ ಮೇಲಿನ ಭತ್ತದ ಮುಡಿ ಮುಂದಿನ ವರ್ಷದ ಗದ್ದೆ. ಸಂಕರ ತಳಿ ನಂಬಿದವನು ಪ್ರತಿ ಮಳೆಗಾಲಕ್ಕೂ ಅಂಗಡಿಯ ಬಾಗಿಲಿಗೆ. ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ ರೈತನ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿತು. ತಂತ್ರಾಂಶದಲ್ಲಿ ಅದೇ ಹಕ್ಕನ್ನು ಸಾರಿದ್ದು ಮುಕ್ತ ತಂತ್ರಾಂಶ ಚಳವಳಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅದೇ ತಿಂಗಳು ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲಿನಕ್ಸ್ ಅದಕ್ಕೆ ತಿರುಳಾಗಿ ಒದಗಿತು. ಇಂದು ಡೆಬಿಯನ್, ಉಬುಂಟು ಮೊದಲಾದವನ್ನು ಯಾರೂ ಪಡೆಯಬಹುದು, ನೆರೆಮನೆಗೂ ಕೊಡಬಹುದು. ಹಗುರವಾದ ಲಿನಕ್ಸ್ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಈ ದಾರಿಯಲ್ಲಿ ಬಹುಕಾಲದಿಂದ ನಡೆದಿವೆ.

ತೊಡಕುಗಳಿಲ್ಲವೆಂದಲ್ಲ. ಕೆಲವು ಮುದ್ರಣಯಂತ್ರಗಳು ಹಠ ಹಿಡಿಯುತ್ತವೆ. ವಿಂಡೋಸ್‌ಗೆಂದೇ ಬರೆದ ತಂತ್ರಾಂಶಗಳು ಇಲ್ಲಿ ನೇರವಾಗಿ ನಡೆಯವು. ಕಲಿಕೆಗೆ ಕೆಲವು ವಾರ ಬೇಕು. ಆದರೆ ಕಲಿತದ್ದು ಕಲಿತವನ ಸ್ವತ್ತಾಗಿ ಉಳಿಯುತ್ತದೆ.

ಹಳೆಯ ಗಣಕವನ್ನು ಗುಜರಿಗೆ ಎಸೆಯುವ ಮೊದಲು ಅದರಲ್ಲಿ ಒಮ್ಮೆ ಲಿನಕ್ಸ್ ಹಾಕಿ ನೋಡಲಿ. ವಿದ್ಯಾರ್ಥಿಗಳು ಊರಿನ ಶಾಲೆಯಲ್ಲಿ ಕುಳಿತು ಈ ಕೆಲಸ ಮಾಡಿಕೊಡಲಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಸಾರ್ವಜನಿಕ ಹಣದಿಂದ ಕೊಳ್ಳುವ ಯಂತ್ರಗಳಿಗೆ ಮುಕ್ತ ತಂತ್ರಾಂಶವನ್ನೇ ಕೇಳಲಿ. ಉಳಿಸು, ಬೆಳೆಸು, ಬಳಸು ಎಂದು ಕಾಡಿಗೆ ಹೇಳಿದ ಮಾತು ಮೇಜಿನ ಮೇಲಿನ ಯಂತ್ರಕ್ಕೆ ಸಲ್ಲದೇ?