ಬುದ್ಧಿವಾದ ಬೇಕಾದ್ದು ಯುವಕರಿಗಲ್ಲ

ನೈಜೀರಿಯಾದ ಯುವಕರು ಸರ್ಕಾರಿ ನೌಕರಿಯ ಆಸೆ ಬಿಟ್ಟು ಕೌಶಲ ಕಲಿತರೆ ದೇಶ ತೈಲದ ಹಂಗಿನಿಂದ ಪಾರಾಗುತ್ತದೆ ಎಂಬ ಲೇಖಕರ ವಾದ (ಕಳೆದ ಸಂಚಿಕೆ) ಕೇಳಲು ಸೊಗಸು. ಆದರೆ ಯಾರದೋ ತಪ್ಪನ್ನು ಯಾರದೋ ತಲೆಗೆ ಕಟ್ಟುವ ವಾದವದು.

ಲಾಗೋಸಿನ ಇಕೆಜಾದಲ್ಲಿರುವ ‘ಕಂಪ್ಯೂಟರ್ ವಿಲೇಜ್’ ಮಾರುಕಟ್ಟೆಯನ್ನೇ ನೋಡಿ. ಇಕ್ಕಟ್ಟಾದ ಬೀದಿಯಲ್ಲಿ ಕೊಡೆ ಬಿಚ್ಚಿ ಕೂತ ಹುಡುಗರು ಮೊಬೈಲ್ ರಿಪೇರಿ ಮಾಡುತ್ತಾರೆ. ಇವರಿಗೆ ಕೌಶಲದ ಕೊರತೆಯೇ? ಕರೆಂಟು ಕೈಕೊಟ್ಟಾಗ ಜನರೇಟರಿಗೆ ಸುರಿಯುವ ಪೆಟ್ರೋಲು ಇಂಥವರ ಲಾಭವನ್ನೇ ನುಂಗುತ್ತದೆ. 1956ರಲ್ಲಿ ದೇಶದ ದಕ್ಷಿಣದ ಒಲೊಯಿಬಿರಿಯಲ್ಲಿ ಸಿಕ್ಕ ತೈಲವೂ ಡಾಲರ್ ತಂದಿತೇ ಹೊರತು ಕೈತುಂಬ ಕೆಲಸ ತರಲಿಲ್ಲ.

ಬಂಡವಾಳ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2011ರಲ್ಲಿ ಶುರುವಾದ ‘ಯುವಿನ್’ ಎಂಬ ಸರ್ಕಾರಿ ಉದ್ದಿಮೆ-ಯೋಜನೆ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಗೆದ್ದ 1,200 ಮಂದಿಗೆ ಸರಾಸರಿ 50,000 ಡಾಲರ್ ನೆರವು ಸಿಕ್ಕಿತು. ಮೂರು ವರ್ಷಗಳ ನಂತರವೂ ನೆರವು ಸಿಗದವರಿಗಿಂತ ಅವರ ಉದ್ದಿಮೆಗಳು ಉಳಿದದ್ದೂ ಕೆಲಸ ಕೊಟ್ಟದ್ದೂ ಹೆಚ್ಚೆಂದು ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಅವರ ಅಧ್ಯಯನ ತೋರಿಸಿತು. ಅದೇ ದೇಶದ ಸರ್ಕಾರ 2021ರಲ್ಲಿ ಏಳು ತಿಂಗಳು ಟ್ವಿಟರ್ ಮುಚ್ಚಿಸಿ, ಅದನ್ನೇ ನಂಬಿದ್ದ ಸಣ್ಣ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆಯಿತು.

ಲೇಖಕರು ಉಪದೇಶವನ್ನು ಅಬುಜಾದ ಸಚಿವಾಲಯಗಳಿಗೆ ಕಳಿಸಲಿ: ಕರೆಂಟು ಕೊಡಿ, ಬಂಡವಾಳ ಕೊಡಿ, ಅಡ್ಡಗಾಲು ಹಾಕಬೇಡಿ.