ಮುಪ್ಪಿಗೂ ಒಂದು ಹಾಡಿರಲಿ

ಸೋದರಿಯರೇ, "ಈ ವಯಸ್ಸಿನಲ್ಲಿ ನಿಮಗೆ ಹಾಡು ಯಾಕಮ್ಮಾ? ಸುಮ್ನೆ ಜಪ ಮಾಡ್ಕೊಂಡು ಕೂತಿರಿ" ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ಅಂಥವರಿಗೆ ಇಟಲಿಯ ಜೂಸೆಪ್ಪೆ ವೆರ್ದಿಯ ಕಥೆ ಹೇಳಿ.

ಆಪೆರಾ ಎಂದರೆ ಹಾಡಿನಲ್ಲೇ ಸಾಗುವ ನಾಟಕ. ವೆರ್ದಿ ತಮ್ಮ ಕೊನೆಯ ಆಪೆರಾ 'ಫಾಲ್‌ಸ್ಟಾಫ್' ಅನ್ನು ರಂಗಕ್ಕೆ ತಂದದ್ದು 1893ರಲ್ಲಿ, 79ನೇ ವಯಸ್ಸಿನಲ್ಲಿ. ಅದೂ ನಕ್ಕು ನಗಿಸುವ ಆಪೆರಾ! ಅಷ್ಟೇ ಅಲ್ಲ, ಕೈಯಲ್ಲಿ ಕಾಸಿಲ್ಲದ ವೃದ್ಧ ಸಂಗೀತಗಾರರಿಗಾಗಿ ಮಿಲಾನ್ ನಗರದಲ್ಲಿ ಒಂದು ಮನೆಯನ್ನೇ ಕಟ್ಟಿಸಿದರು. ತಮ್ಮ ಕೃತಿಗಳಿಂದ ಬರುವ ಗೌರವಧನವನ್ನೂ ಅದಕ್ಕೆ ಬರೆದಿಟ್ಟರು. 1901ರಲ್ಲಿ ಅವರು ತೀರಿಕೊಂಡರು. ಮರುವರ್ಷ ಮನೆಯ ಬಾಗಿಲು ತೆರೆಯಿತು. ಇಂದಿಗೂ ಅಲ್ಲಿನ ಹಿರಿಯರಿಗೆ ಊಟ, ಸೂರಿನ ಜೊತೆಗೆ ಪಿಯಾನೋ ಉಂಟು, ಸಂಗೀತ ಕಲಿಯುವ ಎಳೆಯರ ಸಹವಾಸವೂ ಉಂಟು. ಮುಪ್ಪಿಗೆ ಅನ್ನವೊಂದೇ ಸಾಲದು ಎಂಬುದು ಆ ಹಿರಿಯರಿಗೆ ಗೊತ್ತಿತ್ತು.

ನೀವೂ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ನಿಮಗಾಗಿ ಇಟ್ಟುಕೊಳ್ಳಿ. ಆಪೆರಾ ಕೇಳುವುದಾದರೆ ಮೊದಲು ಕಥೆ ತಿಳಿದುಕೊಳ್ಳಿ. ಭಾಷೆ ಬಾರದಿದ್ದರೂ ಅಳು, ನಗು, ಕೋಪ ಎಲ್ಲಾ ಅರ್ಥವಾಗುತ್ತೆ. ಜೊತೆಗೊಂದು ಲೋಟ ಬಿಸಿ ಕಾಫಿ ಇದ್ದರೆ ಇನ್ನೇನು ಬೇಕು?

ಸೊಸೆಯಂದಿರೇ, ಅತ್ತೆಯ ಕೋಣೆಯಿಂದ ಹಾಡು ಕೇಳಿಬಂದರೆ 'ಸದ್ದು ಕಡಿಮೆ ಮಾಡಿ' ಎನ್ನಬೇಡಿ. ಒಂದು ಗಳಿಗೆ ಪಕ್ಕದಲ್ಲಿ ಕೂತು ಕೇಳಿ.