ಹಂದಿಗೆ ಯಾವ ಬೋರು ಬೇಕು?

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ನಮ್ಮೂರಿನ ಟೀ ಅಂಗಡಿಯಲ್ಲಿ ಒಂದೇ ಮಾತು. 'ಕೇಪಿನ ಕೋವಿಗೆ ಹಂದಿ ಬೀಳಲ್ಲ ಮಾರಾಯ, 315 ರೈಫಲ್ಲೇ ಬೇಕು.' ಪತ್ರಿಕೆಯವನು ಅಂತ ನನ್ನನ್ನೂ ಕೇಳುತ್ತಾರೆ, 'ಲೈಸೆನ್ಸ್ ಕೊಡ್ತಾರಾ?'

ರಾತ್ರಿಯೆಲ್ಲ ಕಾದು, ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಅರ್ಧ ಎಕರೆ ಕಳೆದುಕೊಂಡವನ ಸಿಟ್ಟು ನನಗೆ ಗೊತ್ತು. ನಮ್ಮ ಮನೆಯದೂ ಅದೇ ಕತೆ. ಆದರೂ ಹೇಳುತ್ತೇನೆ, ಇದಕ್ಕೆ ರೈಫಲ್ ಉತ್ತರ ಅಲ್ಲ.

315 ಅಂದರೆ ನಳಿಗೆಯ ಒಳ ಅಗಲ ಇಂಚಿನ ಸಾವಿರದಲ್ಲಿ 315 ಭಾಗ, ಹೆಚ್ಚುಕಡಿಮೆ 8 ಮಿಲಿಮೀಟರ್. ತೋಟಾ ಕೋವಿಯ 12 ಬೋರು ಇದಕ್ಕಿಂತ ಅಗಲ, ಆದರೆ ಅದರ ಚರೆ ಚದುರಿ ಬೇಗ ಬಲ ಕಳೆದುಕೊಳ್ಳುತ್ತದೆ. ರೈಫಲ್ ಗುಂಡು ಹಾಗಲ್ಲ. ಗುರಿ ತಪ್ಪಿದರೆ ಕಿಲೋಮೀಟರ್‌ಗೂ ಆಚೆ ಹೋಗುತ್ತದೆ. ನಮ್ಮ ಹೊಲದಿಂದ ಪಕ್ಕದ ಕೇರಿಗೆ ಅಷ್ಟು ದೂರ ಇದೆಯಾ?

ದೊಡ್ಡ ಬೇಟೆ ಆಡಿದವರೂ ಬೋರಿಗಿಂತ ಗುರಿಯನ್ನೇ ನಂಬಿದವರು. ಸ್ಕಾಟ್ಲೆಂಡಿನ ಬೆಲ್ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ, ಬಹಳಷ್ಟನ್ನು 7 ಮಿಲಿಮೀಟರ್‌ನ ಸಣ್ಣ ರೈಫಲ್‌ನಲ್ಲೇ. ಆನೆಯ ತಲೆಬುರುಡೆ ಸೀಳಿಸಿ, ಮಿದುಳು ಎಲ್ಲಿದೆ ಅಂತ ನೋಡಿ ಕಲಿತಿದ್ದ. ಕತ್ತಲಲ್ಲಿ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋವಿ ಹಿಡಿದ ನಮಗೆ ಆ ಗುರಿ ಎಲ್ಲಿಂದ ಬರಬೇಕು?

ತಪ್ಪಿದ ಈಡಿನ ಬೆಲೆ ಎಷ್ಟು ಅಂತ ಬೇಕಿದ್ದರೆ ಚಂಪಾವತದ ಹೆಣ್ಣು ಹುಲಿಯ ಕತೆ ಕೇಳಿ. 436 ಜನರನ್ನು ಕೊಂದಿತೆನ್ನುವ ಅದನ್ನು 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದರು. ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಯಾರೋ ಹಿಂದೆ ಹಾರಿಸಿದ ಗುಂಡಿನಿಂದ. ಅದು ನರಭಕ್ಷಕ ಆಗಿದ್ದು ಆ ಗಾಯದಿಂದಲೇ ಅಂತ ಕಾರ್ಬೆಟ್ ಬರೆದರು. ಗಾಯಗೊಂಡ ಹಂದಿ ಏನು ಮಾಡುತ್ತದೆ ಅನ್ನೋದನ್ನು ನಿಮಗೆ ನಾನು ಹೇಳಬೇಕಿಲ್ಲ.

ಎರಡು ವರ್ಷದ ಹಿಂದೆ ಪಕ್ಕದ ಊರಿನಿಂದ ಒಂದು ಸುದ್ದಿ ಕಳಿಸಿದ್ದೆ. ರಾತ್ರಿ ತ್ರೀಫೇಸ್ ಕರೆಂಟು ಬಂತು ಅಂತ ಪಂಪು ಹಾಕಲು ಹೊರಟವನಿಗೆ ಬದುವಿನ ಆಚೆಯಿಂದ ಈಡು ಬಿತ್ತು. ಜೋಳ ಅಲ್ಲಾಡಿದ್ದನ್ನು ಹಂದಿ ಅಂದುಕೊಂಡಿದ್ದ ನೆರೆಯವನು. ಅವನೇ ಹೊತ್ತು ಆಸ್ಪತ್ರೆಗೆ ಓಡಿದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಹಳೇ ಕೇಪಿನ ಕೋವಿ ಆದ್ದರಿಂದ ಅಷ್ಟಕ್ಕೇ ಮುಗಿಯಿತು. ಅದು ರೈಫಲ್ ಆಗಿದ್ದರೆ? ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಆ ಎರಡು ಮನೆಯವರು ಇವತ್ತಿಗೂ ಮಾತಾಡುವುದಿಲ್ಲ.

ಕಾನೂನೂ ತಿಳಿದಿರಲಿ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. ಹಂದಿಯೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಬೆಳೆಗೆ ಬಿದ್ದ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು.

ಹಾಗಾದರೆ ಕೈಕಟ್ಟಿ ಕೂರಬೇಕಾ? ಬೇಡ. ಬೆಳೆ ಹೋದ ಬೆಳಿಗ್ಗೆಯೇ ಮೊಬೈಲಲ್ಲಿ ಫೋಟೋ ತೆಗೆಯಿರಿ, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಒಬ್ಬೊಬ್ಬರೇ ಹೋಗುವ ಬದಲು ಹತ್ತು ಜನ ಸೇರಿ ಗ್ರಾಮಸಭೆಯಲ್ಲಿ ಸೋಲಾರ್ ಬೇಲಿ ಕೇಳಿ. ಅರ್ಜಿ ತಿಂಗಳುಗಟ್ಟಲೆ ಕೊಳೆತರೆ ನನಗೆ ಹೇಳಿ, ಬರೆಯುತ್ತೇನೆ.

ಅಂಥ ಸುದ್ದಿ ಎಷ್ಟು ಬೇಕಾದರೂ ಬರೆದೇನು. ಬದುವಿನ ಆಚೆ ಬಿದ್ದವನ ಸುದ್ದಿ ಇನ್ನೊಂದು ಸಲ ಬರೆಯಲಾರೆ.